ನಿಮ್ಮಪ್ಪನಿಗೆ ಬಂದ ಬೇನೆ

ಮಾರಿಸ್‌ಟೌನ್, ಸೋಮವಾರ ಸಂಜೆ

ನನ್ನ ಮಗಳ ಹೊಟ್ಟೆಯಲ್ಲಿ ಆರಾಮಾಗಿ ಕಾಲು ಚಾಚಿಕೊಂಡಿರುವ ಕಂದನಿಗೆ,

ನಿನ್ನ ಅಜ್ಜಿ ಸೋಫಾದ ಮೇಲೆ ಬೋರಲು ಮಲಗಿ ಇದನ್ನು ಬರೆಯುತ್ತಿದ್ದಾಳೆ. ಅಕ್ಷರ ಸೊಟ್ಟಗಿದ್ದರೆ ಅದು ನಿಮ್ಮಪ್ಪನ ದೆಸೆಯಿಂದ ಎಂದು ತಿಳಿದುಕೋ.

ಕಳೆದ ವಾರ ನಿಮ್ಮಮ್ಮ ಕ್ಷಮಾ ನನ್ನ ಮನಸ್ಸು ನೋಯಿಸಿದ್ದಳು. "ಬಾಣಂತನ ಎಲ್ಲ ನಿನ್ನ ಕೈಲಾಗಲ್ಲ ಅಮ್ಮಾ. ಹಾಲಿನ ಗ್ಯಾಲನ್ ಎತ್ತೋಕೇ ಉಸ್ಸಪ್ಪಾ ಅಂತೀಯ. ನಾವು ನ್ಯಾನಿ ಇಟ್ಕೋತೀವಿ, ಯೂ ಜಸ್ಟ್ ವಿಸಿಟ್" ಎಂದಳು. ವಿಸಿಟ್ ಮಾಡಲು ನಾನೇನು ಹೊರಗಿನವಳೇ? ನಿನ್ನ ಮೈಗೆ ಮೊದಲ ಎಣ್ಣೆ ಹಚ್ಚುವ ಆಸೆಯಿಂದ ಹರಳೆಣ್ಣೆ, ಕಡಲೆಹಿಟ್ಟು, ಹಳೇ ಹತ್ತಿ ಸೀರೆಯ ತುಂಡು ಎಲ್ಲವನ್ನೂ ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟುಕೊಂಡಿದ್ದವಳು ನಾನು. ಫೋನಿಟ್ಟ ಮೇಲೆ ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಈ ಸ್ನೋ ಬಿತ್ತು. ಭಾನುವಾರವೆಲ್ಲ ಸುರಿದು ಇವತ್ತು ಬೆಳಿಗ್ಗೆ ನಿಂತಿತ್ತು. ನಾನು ಸಮರ್‌ಸೆಟ್‌ನ ನನ್ನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ನಿಮ್ಮಪ್ಪ ವಿನಾಯಕನ ಫೋನು ಬಂತು. ನರಳುವ ದನಿ. "ಅತ್ತೆ, ಬೇನೆ ಶುರುವಾಯ್ತು. ತಡೀಲಿಕ್ಕೇ ಆಗುದಿಲ್ಲ. ಎಂತ ಮಾಡುದು?"

ಬೇನೆ ಶುರುವಾಯಿತು ಎಂದರೆ ನಮ್ಮ ಮೈಸೂರಿನ ಕಡೆ ಒಂದೇ ಅರ್ಥ, ಹೆರಿಗೆ ನೋವು. ನೀನು ಬರಲು ಇನ್ನೂ ವಾರಗಳಿದ್ದವು! "ಹೆದರ್ಬೇಡಪ್ಪಾ, ಬಂದೆ" ಎಂದು ಫೋನನ್ನು ಬಾಗಿಲ ಬಳಿಯ ಆ ಚೀಲಕ್ಕೆ ಎಸೆದು, ಚೀಲವನ್ನು ಹೆಗಲಿಗೇರಿಸಿದೆ. ಆಮೇಲೆ ಅದು ಎಷ್ಟು ಬಡಿದುಕೊಂಡಿತೋ, ನನಗಂತೂ ಕೇಳಿಸಲಿಲ್ಲ.

ಹೊರಗೆ ಬಂದರೆ ಪ್ಲೋ ಗಾಡಿ ರಸ್ತೆಯ ಸ್ನೋವನ್ನೆಲ್ಲ ತಳ್ಳಿ ತಂದು ನನ್ನ ಡ್ರೈವ್‌ವೇಗೆ ಅಡ್ಡಲಾಗಿ ಗೋಡೆ ಕಟ್ಟಿ ಹೋಗಿತ್ತು. ಶವಲ್ ಹಿಡಿದೆ. ಅರ್ಧ ಹೆದರಿಕೆ, ಅರ್ಧ ರೋಷ. ಕೈಲಾಗಲ್ಲ ಎಂದವಳಿಗೆ ತೋರಿಸುತ್ತೇನೆ ಎಂದುಕೊಳ್ಳುತ್ತಾ ಆ ಗೋಡೆಯನ್ನು ಒಡೆದು ಹಾಕಿದೆ ಕಂದಾ.

ಹೈವೇಯಲ್ಲಿ ಉದ್ದಕ್ಕೂ ದೇವರ ನಾಮ ಹೇಳಿಕೊಂಡು ಬಂದು ಇಲ್ಲಿ ನಿಮ್ಮ ಮನೆಯ ಬೆಲ್ ಮಾಡಿದರೆ, ನಿಮ್ಮಮ್ಮ ಚಿತ್ರಾನ್ನದ ತಟ್ಟೆ ಹಿಡಿದುಕೊಂಡೇ ಬಾಗಿಲು ತೆಗೆದಳು! ಒಳಗೆ ಕಾರ್ಪೆಟ್ ಮೇಲೆ ನಿಮ್ಮಪ್ಪ ಅಂಗಾತ ಬಿದ್ದಿದ್ದ. ಸ್ನೋ ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿತ್ತಂತೆ. "ನಮ್ಮ ಪುತ್ತೂರಲ್ಲಿ ಬೇನೆ ಅಂದ್ರೆ ಬರೀ ನೋವು ಅತ್ತೆ. ತಲೆಬೇನೆ, ಸೊಂಟಬೇನೆ ಅಂತೆಲ್ಲ ಹೇಳುದಿಲ್ವಾ?" ಎಂದ. ಪಾಪ, ಮನೆಮದ್ದು ಕೇಳಲು ಫೋನ್ ಮಾಡಿದ್ದನಂತೆ.

ನಕ್ಕೆ, ಬಿದ್ದು ಬಿದ್ದು ನಕ್ಕೆ. ನಕ್ಕ ರಭಸಕ್ಕೆ ನನ್ನ ಬೆನ್ನೂ ಹಿಡಿದುಕೊಂಡು ಸೋಫಾದ ಮೇಲೆ ಬೋರಲಾದೆ. ಅಲ್ಲಿಗೆ ನನ್ನ ಬಾಣಂತನದ ಆಸೆ ಮುಗಿಯಿತು ಎಂದುಕೊಂಡೆ.

ಕ್ಷಮಾ ಚುಚ್ಚಿ ಮಾತಾಡಲಿಲ್ಲ. ಚೀಲದಿಂದ ಹರಳೆಣ್ಣೆ ತೆಗೆದು, "ಏನ್ ಮಾಡ್ಬೇಕು, ಹೇಳು" ಎಂದಳು. ಮಲಗಿದಲ್ಲಿಂದಲೇ ಹೇಳಿದೆ. ಎಣ್ಣೆ ಬೆಚ್ಚಗಾದರೆ ಸಾಕು, ಹೊಗೆಯಾಡಬಾರದು. ಬೆನ್ನುಮೂಳೆಯ ಮೇಲೆ ಒತ್ತಬೇಡ, ಅದರ ಎರಡು ಬದಿಗೂ ಹೆಬ್ಬೆರಳಿಟ್ಟು ಸೊಂಟದಿಂದ ಮೇಲಕ್ಕೆ ನೀವುತ್ತಾ ಹೋಗು. ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡು. ಅದಾದ ಮೇಲೆ ಬಿಸಿನೀರಿನ ಸ್ನಾನ. ಅವಳು ಕುರ್ಚಿ ಎಳೆದುಕೊಂಡು ಕೂತು, ನಿನ್ನನ್ನು ಹೊತ್ತುಕೊಂಡೇ, ಮೊದಲು ನನ್ನ ಬೆನ್ನು ನೀವಿದಳು, ಆಮೇಲೆ ಗಂಡನದು. ನಾನು ನಡುನಡುವೆ ಬಾಯಿ ಹಾಕುತ್ತಲೇ ಇದ್ದೆ. "ಆಹಾ, ಈಗ ಜೀವ ಬಂತು" ಎಂದು ನಿಮ್ಮಪ್ಪ ಎದ್ದು ಕೂತ.

ಬಳಗದಲ್ಲೆಲ್ಲ ನಿನ್ನ ಅಜ್ಜಿಗೆ ವಾಚಾಳಿ ಎಂದೇ ಹೆಸರು. ಶಾಲೆಯ ಮೇಷ್ಟ್ರು, ಈಗಿಲ್ಲದ ನಿನ್ನ ತಾತ, ಹೆತ್ತ ಮಗಳು, ಎಲ್ಲರೂ ಸ್ವಲ್ಪ ಬಾಯಿ ಮುಚ್ಚು ಎಂದವರೇ. ಆ ಮಗಳೇ ಈಗ ಎಣ್ಣೆಗೈ ಒರೆಸಿಕೊಳ್ಳುತ್ತಾ ನನ್ನ ತಲೆಯ ಹತ್ತಿರ ಬಂದು ಕೂತಳು. "ಬಾಣಂತನಕ್ಕೆ ನೀನೇ ಇರು ಅಮ್ಮಾ. ಎತ್ತೋದು ಇಳಿಸೋದು ವಿನಾಯಕ್ ಮಾಡ್ತಾನೆ. ನಂಗೆ ನಿನ್ನ ಕೈ ಬೇಡ, ನಿನ್ನ ಬಾಯಿ ಬೇಕು."

ಮಲಗಿದಲ್ಲಿಂದಲೇ ನಿನ್ನ ಮೊದಲ ಎಣ್ಣೆಸ್ನಾನದ ಪಾಠ ಶುರು ಮಾಡಿಬಿಟ್ಟೆ ಕಂದಾ.

ಅವಸರವಿಲ್ಲ, ದಿನ ತುಂಬಿಸಿಕೊಂಡು ಬಾ. ಗಟ್ಟಿ ಬೆನ್ನು, ಗಟ್ಟಿ ಗಂಟಲು ಪಡೆದುಕೊಂಡು ನೂರು ಕಾಲ ಬಾಳು.

ನಿನ್ನ ದಾರಿ ನೋಡುತ್ತಿರುವ ಅಜ್ಜಿ,
ಭಾನುಮತಿ