ಒಣ ಬೇರಿಗೆ ಮೈಲಿಗೆಯಿಲ್ಲ

ಮಾನ್ವಿ
ಕಾರ್ತಿಕ ಶುದ್ಧ ಪಂಚಮಿ, 1943

ಚಿರಂಜೀವಿ ಜಗನ್ನಾಥನಿಗೆ ಅಕ್ಕ ಅಹಲ್ಯಾ ಮಾಡುವ ಆಶೀರ್ವಾದ.

ಹೈದರಾಬಾದಿನ ನೀರು ಒಗ್ಗಿತೇ? ಕೆಮ್ಮು ಇಳಿಯಿತೇ? ಖಾನಾವಳಿಯ ಕರಿದ ಪದಾರ್ಥ ಮುಟ್ಟಬೇಡ. ನಾನು ಇದ್ದೇನೆ. ಅಪ್ಪನ ಹಾಸಿಗೆ ಇದ್ದ ಮೂಲೆಯನ್ನು ಸಾರಿಸಲು ಇನ್ನೂ ಕೈ ಬಂದಿಲ್ಲ.

ನಿನ್ನ ಕಾಗದ ಓದಿ ಸಿಟ್ಟು ಬಂತು. ತೀರಿಹೋದ ಹಕೀಮರ ಹೆಂಡತಿ ಸುಗ್ರಾ ಬೇಗಂ ಕೊಟ್ಟ ಬೇರಿನ ಮದ್ದೇ ಅಪ್ಪನನ್ನು ಕೊಂದಿತೆಂದು ಪೊಲೀಸ್ ಅಮೀನರಿಗೆ ಅರ್ಜಿ ಕೊಡುತ್ತೀಯಂತೆ. ಸತ್ಯಭಾಮಾ ಅತ್ತೆ ಬರೆಸಿದ್ದನ್ನು ನಂಬಿಯೇ? ಆ ಬೇರು ನಿನಗೆ ಹೊಸದಲ್ಲ. ಹಳದಿ ಹೂ ಬಿಟ್ಟು, ಮುರಿದರೆ ಹಾಲು ಸುರಿಸುವ ಕಾಡು ಕಾಸನಿ. ಒಣಗಿ ಉತ್ತರದಿಂದ ರಾಯಚೂರು ಪೇಟೆಗೆ ಬರುತ್ತದೆ. ದೇವದುರ್ಗದಲ್ಲಿದ್ದಾಗ ನಿನಗೆ ಅನ್ನ ಸೇರದೇ ಹೋದರೆ ಅಪ್ಪ ಅದರ ಕಷಾಯವನ್ನೇ ಕುಡಿಸುತ್ತಿದ್ದರು. ಬೆಲ್ಲ ಕೊಡುವವರೆಗೆ ನೀನು ಬಾಯಿ ತೆರೆಯುತ್ತಿರಲಿಲ್ಲ.

ಅಪ್ಪನ ಕಣ್ಣು ಹಳದಿಯಾದ ದಿನ ಅತ್ತೆಯೇ ತಮ್ಮ ಅಣ್ಣನಿಗೆಂದು ಸುಗ್ರಾ ಬೇಗಂಳನ್ನು ಕರೆಸಿದರು. ಅವಳು ಅಂಗಳದಲ್ಲಿ ನಿಂತು, "ಬಾಯೀ, ಪಿತ್ತದ ಹಾದಿಗೆ ಕಲ್ಲು ಅಡ್ಡ ಇದ್ದರ ಇದು ಕೊಡಬಾರದ್ರಿ. ಮೊದಲ ಹೊಟ್ಟಿ ಮುಟ್ಟಿ ನೋಡತೀನಿ, ಕಷಾಯ ನಾನ ಅಳತಿಲೆ ಮಾಡಿ ಕೊಡತೀನಿ" ಅಂದಳು. ಅತ್ತೆ ಹೊಸ್ತಿಲು ಬಿಟ್ಟು ಸರಿಯಲಿಲ್ಲ. "ನಿಮ್ಮ ಮನಿ ನೀರು ನಮಗ ನಡಿಯೂದಿಲ್ಲ. ಒಣಾ ಬೇರಿಗೆ ಮೈಲಿಗಿ ಇಲ್ಲ, ಕಟ್ಟಿಮ್ಯಾಲ ಇಟ್ಟು ಹೋಗವ್ವಾ" ಅಂದರು. ಅವಳು ಒಲ್ಲದ ಮನಸ್ಸಿನಿಂದ ಇಟ್ಟಳು. "ಚಿಟಿಕಿ ಮಾತ್ರ ಹಾಕ್ರಿ. ಬಲಪಕ್ಕಿ ಬ್ಯಾನಿ ಬಂದರ ನಿಲ್ಲಿಸಿ ರಾಯಚೂರಿಗೆ ಒಯ್ಯರಿ" ಎಂದು ಎರಡು ಸಲ ಹೇಳಿದಳು. ಅತ್ತೆ ದಿನಕ್ಕೆ ಮೂರು ಸಲ ಹಿಡಿ ಹಿಡಿ ಕುದಿಸಿದರು. ಕೊನೆಗೆ ರಾಯಚೂರಿನ ಡಾಕ್ಟರು ಹೇಳಿದ್ದೇನು? "ಕಲ್ಲು ಸಿಕ್ಕೊಂಡದ. ತಡಾ ಮಾಡಿ ತಂದೀರಿ."

ಈಗ ಓಣಿಯವರು ಸುಗ್ರಾ ಬೇಗಂಳ ಬಾಗಿಲಿಗೇ ಹೋಗುವುದಿಲ್ಲ. ನಮಗೆ ಅವಳ ಕೈಯ ಬೇರು ಬೇಕಾಯಿತು, ಬಾಯಿಯ ಮಾತು ಬೇಡವಾಯಿತು. ಅಪ್ಪ ಸತ್ತ ಮೇಲೆ ಅರ್ಜಿಗೆ ಅವಳ ಹೆಸರು ಮಾತ್ರ ಬೇಕೇ? ನಾಚಿಕೆಯಾಗಬೇಕು ನಮಗೆ.

ರಾಯರು ನಿನಗೆ ಆಯುಷ್ಯ ಕೊಡಲಿ, ವಿವೇಕವನ್ನೂ ಕೊಡಲಿ.

ನಿನ್ನ ಅಕ್ಕ,
ಅಹಲ್ಯಾಬಾಯಿ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ಮೂರನೆಯ ದಿನ ಸುಗ್ರಾ ಬೇಗಂ ಮತ್ತೆ ಬಂದು, "ಬ್ಯಾನಿ ಅದ ಏನ್ರಿ?" ಎಂದು ಅಂಗಳದಿಂದ ಕೂಗಿದಳು. ಅಪ್ಪ ಬಲಪಕ್ಕೆ ಹಿಡಿದು ಹೊರಳುತ್ತಿದ್ದರು. ನಾನು ಮಡಿಯಲ್ಲಿದ್ದೆ. ಒಳಗಿನಿಂದಲೇ "ಆರಾಮ ಅದಾರ" ಅಂದೆ. ಅರ್ಜಿ ಕೊಡಲೇಬೇಕಾದರೆ ನನ್ನ ಹೆಸರು ಬರೆ.