ಎಡ ಸ್ಟಿಕ್ ನನ್ನದು, ಬಲ ಸ್ಟಿಕ್ ನಿನ್ನದು

ಗೆಳೆಯಾ,

ಕಾರ್ಮಿಕರ ಸಂಘ ಕಟ್ಟೋಣ ಎಂದ ನೀನೇ ನಮ್ಮ ಮುದ್ರಣಾಲಯದ ಮೇಲ್ವಿಚಾರಕನಾದದ್ದು ದ್ರೋಹ. ಈ ಪತ್ರವನ್ನು ಕಳಿಸುವುದಿಲ್ಲ. ದ್ರೋಹಿಗಳೊಂದಿಗೆ ಪತ್ರವ್ಯವಹಾರ ಕೂಡದೆಂದು ಕರಪತ್ರದಲ್ಲಿ ಬರೆದವನು ನಾನೇ.

ನಿನ್ನೆ ನಮ್ಮ ರೋಬೋಟ್ ಶೂಟಿಂಗ್ ವಿಡಿಯೋ ಗೇಮನ್ನು ಅಕ್ಕನ ಜೊತೆ ಆಡಿದೆ. ನೀನೂ ನಾನೂ ಆಡುತ್ತಿದ್ದ ಹಾಗೆಯೇ ಒಂದೇ ಕಂಟ್ರೋಲರನ್ನು ಇಬ್ಬರೂ ಹಿಡಿದೆವು: ಎಡ ಸ್ಟಿಕ್‌ನಿಂದ ನಾನು ಸೈನಿಕನನ್ನು ಓಡಿಸಿದೆ, ಬಲ ಸ್ಟಿಕ್‌ನಿಂದ ಅವಳು ಗುಂಡು ಹಾರಿಸಿದಳು. ಆಟ ಒಳ್ಳೆಯದೇ. ಹಿಂದೆ ಸರಿಯುತ್ತಲೇ ಮುಂದಕ್ಕೆ ಹೊಡೆಯಬಹುದು. ಈ ಸೌಲಭ್ಯ ಯಾವ ಚಳವಳಿಗೂ ಇಲ್ಲ. ಆದರೆ ಕಿಡಿಗಳ ಅಬ್ಬರದಲ್ಲಿ ನಮ್ಮ ಸೈನಿಕನೇ ಕಾಣುವುದಿಲ್ಲ. ಮೇಲಾಗಿ, ಸಾಯುವುದೆಲ್ಲ ದುಡಿಯುವ ರೋಬೋಟ್‌ಗಳು. ಅವುಗಳ ಮಾಲೀಕ ಕೊನೆಯ ಹಂತದವರೆಗೂ ಮುಖ ತೋರಿಸುವುದಿಲ್ಲ.

ಇದನ್ನು ಅಕ್ಕನಿಗೆ ವಿವರಿಸುತ್ತಿದ್ದಾಗಲೇ ಸತ್ತೆವು.

“ಭಾಷಣ ಆಮೇಲೆ ಮಾಡೋ, ಮೊದ್ಲು ಓಡು!”

“ನೀನು ಬಾಗಿಲ ಕಡೆ ಹೊಡೀಬೇಕಿತ್ತು ಕಣೇ.”

“ನೀನು ಅಲ್ಲಿಗೇ ನುಗ್ತೀಯ ಅಂತ ನಂಗೇನು ಕನಸು ಬಿದ್ದಿತ್ತಾ?”

ನಾನು ಎತ್ತ ನುಗ್ಗುತ್ತೇನೆಂದು ನಿನಗೆ ಯಾವತ್ತೂ ಹೇಳಬೇಕಾಗಿರಲಿಲ್ಲ.

ಅಕ್ಕ ಇನ್ನು ಆಡುವುದಿಲ್ಲವಂತೆ. ಮಾಲೀಕನ ಹಂತ ಹಾಗೆಯೇ ಉಳಿದಿದೆ. ಅಲ್ಲಿಗೆ ಬೇರೆ ಯಾರನ್ನೂ ಕರೆದುಕೊಂಡು ಹೋಗಲು ಮನಸ್ಸಾಗುತ್ತಿಲ್ಲ. ಮೇಲ್ವಿಚಾರಕನ ಟೈ ಕಟ್ಟಿಕೊಂಡೇ ಬಂದರೂ ಸರಿ, ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮ ಮನೆಗೆ ಬಾ.