ಸೋಮವಾರ ನಿಲ್ಲುವ ಗಾಡಿ

ಮಧುಗಿರಿ
೧೯-೮-೨೦೨೫, ಮಂಗಳವಾರ

ಶ್ರೀ ರೇಣುಕಪ್ರಸಾದ್ ಅವರಿಗೆ,

ನಮಸ್ಕಾರ. ಹದಿನಾಲ್ಕು ತಿಂಗಳ ಮೇಲೆ ಬರೆಯುತ್ತಿರುವ ಕಾಗದದಲ್ಲಿ ಕ್ಷೇಮ ಸಮಾಚಾರ ಕೇಳಿದರೆ ನನಗೂ ನಾಟಕ, ಓದುವ ನಿಮಗೂ ನಾಟಕ. ಫೋನು ಮಾಡಬಹುದಿತ್ತು. ಫೋನಿನಲ್ಲಿ ನನ್ನ ದನಿ ಏರುತ್ತದೆ, ನಿಮ್ಮದು ನಿಂತುಹೋಗುತ್ತದೆ. ಆಟದ ಮೈದಾನದಲ್ಲಿ ವಿಷಲ್ ಊದಿ ಊದಿ ನನ್ನ ಗಂಟಲಿಗೆ ಮೆಲ್ಲಗೆ ಮಾತಾಡುವ ಅಭ್ಯಾಸ ತಪ್ಪಿದೆ ಎಂದು ನೀವೇ ಹೇಳುತ್ತಿದ್ದಿರಿ. ಅದಕ್ಕೇ ಕಾಗದ.

ವಿಷಯ ನಿಮ್ಮ ಬೈಕಿನದು. ಅದರ ಹದಿನೈದು ವರ್ಷದ ನೋಂದಣಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. ರಿಪೇರಿ ಮಾಡಿಸಿ ಮತ್ತೆ ನೋಂದಣಿ ಮಾಡಿಸುವುದೋ, ಗುಜರಿಗೆ ಕೊಡುವುದೋ, ಎರಡಕ್ಕೂ ನಿಮ್ಮ ಸಹಿ ಬೇಕು. ಎರಡು ಕಾಗದವನ್ನೂ ಇದರ ಜೊತೆ ಇಟ್ಟಿದ್ದೇನೆ. ಬರುವ ಭಾನುವಾರ ನನ್ನ ಸೋದರಮಾವ ನಂದೀಶ್ವರಯ್ಯನವರ ಮನೆಯಲ್ಲಿ ಹಿರಿಯರು ಕೂತು, ನಾವಿಬ್ಬರೂ ಇನ್ನು ಬೇರೆಬೇರೆಯಾಗಿಯೇ ಇರುವುದೆಂದು ತೀರ್ಮಾನ ಮಾಡುವವರಿದ್ದಾರೆ. ಯಾವುದು ಯಾರಿಗೆ ಎಂದು ಮಾವ ಬರೆದಿಟ್ಟ ಪಟ್ಟಿಯಲ್ಲಿ ಬೈಕೂ ಇದೆ. ಅದರ ಮುಂದೆ, 'ಗುಜರಿಗೆ ಹಾಕಲಿ ಅಂದಿದ್ದಾನೆ' ಎಂದು ನಿಮ್ಮ ಮಾತನ್ನು ಬರೆದಿದ್ದಾರೆ. ಓದಿದ ತಕ್ಷಣ ನನಗೆ ಅನುಮಾನ ಬಂತು. ಓಡುವ ಗಾಡಿಯನ್ನು ಒಡೆಸಿಹಾಕಲು ಈ ಮನುಷ್ಯನಿಗೆ ಏನು ಆತುರ? ಅದರೊಳಗೆ ನನ್ನ ಕಣ್ಣಿಗೆ ಬೀಳಬಾರದ್ದು ಇನ್ನೇನಿದೆ?

ಓಡುವ ಗಾಡಿ ಎಂದು ಹೇಗೆ ಗೊತ್ತು ಎನ್ನುತ್ತೀರೇನೋ. ಜುಲೈ ತಿಂಗಳಿಂದ ನಾನೇ ಓಡಿಸುತ್ತಿದ್ದೇನೆ. ನಮ್ಮ ಖೋ-ಖೋ ತಂಡ ಈ ಸಲ ತಾಲ್ಲೂಕು ಮಟ್ಟಕ್ಕೆ ಹೋಗಿದೆ. ಅಭ್ಯಾಸಕ್ಕೆ ಬೆಳಗ್ಗೆ ಆರೂವರೆಗೆ ಕೊರಟಗೆರೆಯ ನಮ್ಮ ಶಾಲೆಯಲ್ಲಿ ಹಾಜರಿರಬೇಕು, ಅಷ್ಟು ಹೊತ್ತಿಗೆ ಬಸ್ಸಿಲ್ಲ. ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಮೊದಲ ದಿನ ದಂಡಿನ ಮಾರಮ್ಮನ ಗುಡಿಯ ಮುಂದೆ ಹೋದಾಗ ಟೀ ಅಂಗಡಿಯವರೆಲ್ಲ ಲೋಟ ಹಿಡಿದುಕೊಂಡೇ ಎದ್ದು ನಿಂತರು. ನೋಡಲಿ ಬಿಡಿ. ಗಂಡ ಬಿಟ್ಟು ಹೋದ ಮೇಲೆ ನೋಡುವವರಿಗೇನು ಕೊರತೆ.

ಒಂದು ಮಂಗಳವಾರ ತೊಳೆದು ಹೊರತೆಗೆದ ಗಾಡಿ ಆ ವಾರವೆಲ್ಲ ಚೆನ್ನಾಗಿಯೇ ಓಡಿತು. ಮುಂದಿನ ಸೋಮವಾರ, ಕೊರಟಗೆರೆ ಇನ್ನು ಎರಡು ಮೂರು ಕಿಲೋಮೀಟರ್ ಇದೆ ಎನ್ನುವಾಗ ಗೊರಗೊರ ಎಂದು ನಿಂತುಹೋಯಿತು. ಕಿಕ್ ಹೊಡೆದು ಹೊಡೆದು ಮೊಣಕಾಲು ಬಾತುಕೊಂಡಿತು. ಯಾರೋ ಪುಣ್ಯಾತ್ಮರು ಲಗೇಜ್ ಆಟೋದಲ್ಲಿ ಹಾಕಿಕೊಂಡು ಮಧುಗಿರಿಗೆ ತಂದುಬಿಟ್ಟರು. ಮೆಕ್ಯಾನಿಕ್ ಚಿರಂಜೀವಿ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕಿದ, ಮುಚ್ಚಿದ, ಕಾಲಿಟ್ಟ. ಒಂದೇ ಕಿಕ್ಕಿಗೆ ಶುರುವಾಯಿತು! "ಗಾಡಿ ಸರಿಯಾಗೇ ಐತಲ್ಲ ಮೇಡಂ. ಚೋಕ್ ಎಳ್ಕೊಂಡೇ ಓಡುಸ್ತೀರ ಅನ್ಸುತ್ತೆ" ಎಂದ. ಎದುರಿಗಿದ್ದವರೆಲ್ಲ ನಕ್ಕರು.

ಆಮೇಲಿನದೂ ಅದೇ ಕಥೆ. ದಾರಿಯಲ್ಲಿ ನಿಲ್ಲುತ್ತದೆ, ಅವನ ಅಂಗಡಿಯಲ್ಲಿ ಶುರುವಾಗುತ್ತದೆ. ಪ್ಲಗ್ ಬದಲಾಯಿಸಿದ, ಕಾರ್ಬುರೇಟರ್ ಬಿಚ್ಚಿ ತೊಳೆದ, ಕಾಯಿಲ್ ಹಾಕಿದ. ಕೊನೆಗೆ ಎಂಜಿನ್ನನ್ನೇ ಇಳಿಸಬೇಕು, ಬೋರ್ ಮಾಡಿಸಬೇಕು, ಅದಕ್ಕಿಂತ ಗುಜರಿಯೇ ವಾಸಿ ಎಂದ. ಅವನ ಬಾಯಲ್ಲೂ ಗುಜರಿ ಬಂದದ್ದೇ ತಡ, ಇವನಿಗೂ ನಿಮಗೂ ಫೋನು ಓಡಾಡಿದೆ ಎಂದು ನಾನು ಖಂಡಿತ ಮಾಡಿಕೊಂಡೆ. ಬಿಚ್ಚಿದ ಹಳೇ ಪ್ಲಗ್ಗನ್ನು ಕೇಳಿ ಇಸಿದುಕೊಂಡು ಬಂದು ಬೀರುವಿನಲ್ಲಿಟ್ಟೆ. ಪ್ಲಗ್ಗಿಗೆ ಬೀಗ ಹಾಕಿಡುತ್ತೀಯೇನೇ ಎಂದು ನಿಮ್ಮ ಅಮ್ಮ ಕೇಳಿದರು. ಅವರು ಮಗನ ಜೊತೆ ಬಲಸಮುದ್ರಕ್ಕೆ ಬಾರದೆ ಸೊಸೆಯ ಹತ್ತಿರ ಉಳಿದಿರುವುದು ನಿಮ್ಮ ಪರವಾಗಿ ನನ್ನನ್ನು ಕಾಯಲಿಕ್ಕೆ ಎಂದೂ ನಾನು ಕೆಲವು ದಿನ ನಂಬಿದ್ದೆ.

ಮೂರನೆಯ ಸಲ ನಿಂತಾಗ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತು ಲೆಕ್ಕ ಹಾಕಿದೆ. ನಿಂತ ದಿನಗಳೆಲ್ಲ ಸೋಮವಾರ.

ನಿಮಗೂ ನೆನಪಿರಬೇಕು. ನಮ್ಮ ಮನೆ ಒಡೆದದ್ದೂ ಸೋಮವಾರಗಳಿಂದಲೇ. ಹೋದ ವರ್ಷ ಬೇಸಿಗೆಯಲ್ಲಿ ನೀವು ಸಿರಾದ ಅಂಗಡಿಯಲ್ಲಿ, ಹುಲಿಕುಂಟೆ ಕಡೆಯ ತೋಟಗಳಿಗೆ ಹನಿ ನೀರಾವರಿ ಪೈಪು ಹಾಕಿಸುವ ಕೆಲಸದಲ್ಲಿದ್ದಿರಿ. ವಾರದ ಉಳಿದ ದಿನ ಸಂಜೆ ಆರಕ್ಕೆ ಮನೆ. ಸೋಮವಾರ ಮಾತ್ರ ಏಳೂವರೆ, ಎಂಟು. ಕೇಳಿದರೆ, ಹೋಗುವಾಗಲೂ ಬರುವಾಗಲೂ ಬಡವನಹಳ್ಳಿ ಹತ್ತಿರ ಬೈಕು ನಿಂತಿತ್ತು ಎನ್ನುತ್ತಿದ್ದಿರಿ. ನಾಲ್ಕು ಸೋಮವಾರ ಅದೇ ಉತ್ತರ. ಬೈಕಿಗೆ ವಾರ ಗೊತ್ತಾಗುತ್ತದೆಯೇ ಎಂದು ನಾನು ಕೇಳಿದೆ. ಅಂಗಡಿಗೆ ಫೋನು ಮಾಡಿದರೆ, ನಾಲ್ಕಕ್ಕೇ ಹೊರಟರಲ್ಲ ಎಂದರು. ಐದನೆಯ ಸೋಮವಾರದಿಂದ ನೀವು ಸರಿಯಾಗಿ ಆರಕ್ಕೆ ಬರತೊಡಗಿದಿರಿ. ಅದೂ ನನಗೆ ಅನುಮಾನವೇ ಆಯಿತು. ಸಿಕ್ಕಿಬೀಳುತ್ತೇನೆಂದು ಹೆದರಿ ಆ ಹೆಂಗಸನ್ನು ಬೇರೆ ಹೊತ್ತಿನಲ್ಲಿ ನೋಡುತ್ತಿದ್ದಾರೆ ಎಂದುಕೊಂಡೆ.

ಆಮೇಲೆ ಟೂಲ್ ಬಾಕ್ಸಿನಲ್ಲಿ ಹೇರ್‌ಪಿನ್ನು ಸಿಕ್ಕಿತು. ಕಪ್ಪು ಪಿನ್ನು, ಒಂದು ಕಾಲನ್ನು ನೆಟ್ಟಗೆ ಬಿಚ್ಚಿದ್ದು. ನಾನು ಕೂದಲಿಗೆ ರಬ್ಬರ್ ಬ್ಯಾಂಡು ಬಿಟ್ಟು ಬೇರೇನೂ ಹಾಕಿದವಳಲ್ಲ ಎಂದು ನಿಮಗೆ ಗೊತ್ತು. ಇದು ಯಾರದು, ಯಾರವಳು ಎಂದು ಕೇಳಿದೆ. ಅನುಮಾನ ಪಡುವವರಿಗೆ ಉತ್ತರ ಕೊಟ್ಟು ಏನೂ ಪ್ರಯೋಜನವಿಲ್ಲ ಎಂದಿರಿ. ಮರುವಾರ ಬೈಕಿನ ಕೀಲಿಯನ್ನು ಟೀವಿಯ ಮೇಲಿಟ್ಟು ಬಲಸಮುದ್ರದ ಬಸ್ಸು ಹತ್ತಿದಿರಿ. ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಸುವ ಸೂಪರ್‌ವೈಸರ್ ಕೆಲಸ ಸಿಕ್ಕಿತು ಎಂದು ಊರವರಿಗೆ ಹೇಳಿಕೊಂಡೆವು. ಪಿನ್ನಿನ ವಿಷಯವನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ, ಮಾವನಿಗೂ ಇಲ್ಲ, ಅತ್ತೆಗೂ ಇಲ್ಲ. ಹೇಳಿದರೆ ನನಗೇ ಅವಮಾನ. ಅದನ್ನು ಪರ್ಸಿನ ಒಳಜೇಬಿನಲ್ಲಿಟ್ಟುಕೊಂಡೇ ಹದಿನಾಲ್ಕು ತಿಂಗಳು ಓಡಾಡಿದೆ. ಹಿರಿಯರು ಕೂತ ದಿನ ಅವರ ಮುಂದೆ ಹಾಕಬೇಕೆಂದಿದ್ದೆ.

ಈಗ ನಾನು ಬರೆಯಬೇಕಾದ್ದು ಬಂತು.

ಹೋದ ವಾರ, ಹನ್ನೊಂದನೆಯ ತಾರೀಖು, ಸೋಮವಾರವೇ. ಗಾಡಿ ನಿಂತಿತು. ಹೊಲಕ್ಕೆ ಹೊರಟಿದ್ದ ಚಿಕ್ಕನರಸಯ್ಯ ಎಂಬ ಯಜಮಾನರು ತಮ್ಮ ಲಡಕಾಸಿ ಮೊಪೆಡ್ ನಿಲ್ಲಿಸಿ ಇಳಿದರು. ಇವರಿಗೇನು ಲಾಭ ಎಂದು ನಾನು ಮೊದಲು ಪರ್ಸನ್ನು ಭದ್ರವಾಗಿ ಹಿಡಿದುಕೊಂಡೆ. ಅವರು ನನ್ನ ಕಡೆ ನೋಡಲೂ ಇಲ್ಲ. ಟ್ಯಾಂಕಿಗೆ ಕಿವಿಯಿಟ್ಟು ಮುಚ್ಚಳ ತಿರುಗಿಸಿದರು. ಉಸ್ಸೆಂದು ಗಾಳಿ ಒಳಗೆಳೆದುಕೊಂಡ ಸದ್ದು ನನಗೂ ಕೇಳಿಸಿತು.

"ಗಾಡಿಗೇನೂ ಆಗಿಲ್ಲ ಕಣಮ್ಮ, ಉಸ್ರು ಕಟ್ಟೈತೆ ಅಷ್ಟೇಯ. ಪೆಟ್ರೋಲು ಕೆಳಕ್ಕಿಳೀಬೇಕು ಅಂದ್ರೆ ಮ್ಯಾಲಿಂದ ಗಾಳಿ ಹೋಗ್ಬೇಕಲ್ವಾ? ಅದ್ಕೇ ಅಂತ ಮುಚ್ಳದಾಗೆ ಸಣ್ಣ ತೂತು ಮಡಗಿರ್ತಾರೆ. ಅದ್ನ ಮುಚ್ಬುಟ್ಟವ್ರೆ ಯಾರೋ" ಎಂದರು. ಆಮೇಲೆ ಮುಚ್ಚಳವನ್ನು ಬಿಸಿಲಿಗೆ ಹಿಡಿದು, ಉಗುರಿನಿಂದ ಕೆರೆದು ನಕ್ಕರು. "ವಿಭೂತಿ! ಇಂಗೆ ಮೆತ್ತಿದ್ರೆ ಶಿವ ಆದ್ರೂ ಎಂಗೆ ಉಸ್ರಾಡ್ತಾನೆ? ಪಿನ್ನು ಗಿನ್ನು ಐತಾ ತಾಯಿ?"

ನನ್ನ ಹತ್ತಿರ ಇದ್ದದ್ದು ಒಂದೇ ಪಿನ್ನು. ಕೊಟ್ಟೆ. ನೆಟ್ಟಗೆ ಬಿಚ್ಚಿದ್ದ ಆ ಕಾಲು ಆ ತೂತಿಗೆ ಅಳತೆ ಕೊಟ್ಟು ಮಾಡಿಸಿದಂತೆ ಹೊಕ್ಕಿತು. ಬಿಳೀ ಪುಡಿ ಉದುರಿತು. ಯಜಮಾನರು ಕಿಕ್ ಹೊಡೆದು ಗಾಡಿ ಕೊಟ್ಟು ಹೋದರು. ನಾನು ಮಾತ್ರ ಎಂಜಿನ್ ಓಡುತ್ತಿದ್ದ ಹಾಗೇ ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಆವತ್ತು ಹುಡುಗಿಯರು ತಾವೇ ಅಭ್ಯಾಸ ಮುಗಿಸಿಕೊಂಡು ತರಗತಿಗೆ ಹೋಗಿದ್ದರು.

ಆ ವಿಭೂತಿ ಯಾರು ಹಚ್ಚಿದ್ದೆಂದು ನಿಮಗೆ ಹೇಳಬೇಕಾಗಿಲ್ಲ. ಹೋದ ವರ್ಷ ಶಿವರಾತ್ರಿಯ ಮುಂದೆ ನೀವು ಲಾರಿ ತಪ್ಪಿಸಲು ಹೋಗಿ ಬಿದ್ದು ಭುಜದ ಮೂಳೆ ಮುರಿದುಕೊಂಡಾಗ ನಾನು ಹರಕೆ ಹೊತ್ತಿದ್ದೆ. ನೀವು ಮತ್ತೆ ಕೆಲಸಕ್ಕೆ ಹೊರಟ ಮೊದಲ ಸೋಮವಾರದಿಂದ, ಪೂಜೆ ಮುಗಿಸಿ, ವಿಭೂತಿ ಗಟ್ಟಿಯನ್ನು ನೀರಲ್ಲಿ ತೇದು ಬೈಕಿಗೂ ಮೂರು ಬೆರಳು ಎಳೆಯುತ್ತಿದ್ದೆ. ಹೆಡ್‌ಲೈಟಿಗೆ ಹಚ್ಚಿದರೆ ಬೆಳಕು ಮಂಕಾದೀತು, ಸೀಟಿಗೆ ಹಚ್ಚಿದರೆ ಅದರ ಮೇಲೇ ಕೂರುತ್ತೀರಿ ಎಂದು ಟ್ಯಾಂಕಿನ ಮುಚ್ಚಳವನ್ನು ಆರಿಸಿಕೊಂಡವಳು ನಾನೇ. ಹಚ್ಚಿದ ದಿನ ಗಟ್ಟಿಯಾಗಿ ಕೂರುತ್ತದೆ, ಮರುದಿನದ ಹೊತ್ತಿಗೆ ಒಣಗಿ ಗಾಡಿಯ ಅದುರಾಟಕ್ಕೆ ಉದುರುತ್ತದೆ. ಅದಕ್ಕೇ ಸೋಮವಾರ.

ನೀವು ಹೋದ ಮೇಲೂ ಹಚ್ಚುವುದನ್ನು ಬಿಟ್ಟಿರಲಿಲ್ಲ. ನಿಂತ ಗಾಡಿಗೆ ಯಾಕೆ ಹಚ್ಚಿದೆ ಎಂದು ಕೇಳಬೇಡಿ, ಹರಕೆ ಹರಕೆಯೇ.

ಆದರೂ ನಂಬಲಿಲ್ಲ ನಾನು. ಚಿಕ್ಕನರಸಯ್ಯನವರನ್ನೂ ನೀವೇ ಕಳಿಸಿರಬಹುದಲ್ಲ? ಅದಕ್ಕೆ ನಿನ್ನೆ ಸೋಮವಾರ ಶಾಲೆಗೆ ರಜೆ ಹಾಕಿ, ಬೇಕೆಂದೇ ದಪ್ಪಗೆ ವಿಭೂತಿ ಮೆತ್ತಿ ಸಿರಾ ರಸ್ತೆಗೆ ಹೋದೆ. ಬಡವನಹಳ್ಳಿ ಹತ್ತಿರವೇ ನಿಂತಿತು. ನೀವು ಹೇಳುತ್ತಿದ್ದ ಆ ಬೇವಿನ ಮರ ಎದುರಿಗೇ ಇತ್ತು. ಅಂಥ ಮರವೇ ಅಲ್ಲಿಲ್ಲ ಎಂದು ನಾನು ಆವತ್ತು ವಾದ ಮಾಡಿದ್ದೆ. ಪಿನ್ನು ಚುಚ್ಚಿದೆ, ಹೊರಟಿತು. ಆ ಮರದ ಕೆಳಗೆ ನಾಲ್ಕು ಸೋಮವಾರ ನಿಂತು, ಮನೆಗೆ ಬಂದರೆ ನನ್ನ ಮಾತನ್ನೂ ಕೇಳಬೇಕಾಗಿದ್ದವರು ನೀವು. ನನ್ನದು ತಪ್ಪು. ಇದನ್ನು ಬರೆಯಲು ಎರಡು ಹಾಳೆ ಬೇಕಾಯಿತು.

ಇಷ್ಟಾದರೂ ಒಂದು ಉಳಿಯುತ್ತದೆ. ಗಾಡಿ ನಿಂತದ್ದು ನಿಜ, ಪಿನ್ನು ಇದ್ದದ್ದು ಮುಚ್ಚಳಕ್ಕೆ, ಅದೂ ನಿಜವೇ ಇರಲಿ. ಅಂದರೆ ಐದನೆಯ ಸೋಮವಾರದ ಹೊತ್ತಿಗೆ ನಿಮಗೆ ಕಾರಣ ಗೊತ್ತಿತ್ತು. ಊರಿನವರ ಪ್ಯಾನೆಲ್ಲಿನ ಮೇಲಿನ ದೂಳು ಒರೆಸಲು ಹೊರಟವರು, ವಿಭೂತಿಯಿಂದ ನಿಲ್ಲುತ್ತಿದೆ ಕಣೇ ಎಂದು ಒಂದು ಮಾತು ನನಗೆ ಹೇಳಲಿಲ್ಲ ಯಾಕೆ? ಮತ್ತೆ, ನೀವು ಅಂಗಡಿಯಲ್ಲಿ ಹೇರ್‌ಪಿನ್ನು ಕೊಳ್ಳುವ ಗಂಡಸಲ್ಲ. ಯಾವಳೋ ತಲೆಯಿಂದ ತೆಗೆದು ಕೊಟ್ಟಿದ್ದಾಳೆ. ಅವಳು ಯಾರು? ಇದಕ್ಕೆ ಉತ್ತರವಿದ್ದರೆ ರಿಪೇರಿಯ ಕಾಗದಕ್ಕೆ ಸಹಿ ಹಾಕಿ. ಉತ್ತರವಿಲ್ಲದಿದ್ದರೆ ಗುಜರಿಯದಕ್ಕೇ ಹಾಕಿ ಕಳಿಸಿ, ಭಾನುವಾರ ಮಾವ ಬರೆದ ಪಟ್ಟಿಗೆ ನಾನೂ ಒಪ್ಪುತ್ತೇನೆ.

ಇಂತಿ,
ಲೋಹಿತಾ

ತಾ.ಕ.: ಬುಧವಾರ ಬೆಳಗ್ಗೆ. ಲಕೋಟೆ ಅಂಟಿಸುವ ಮುಂಚೆ ಕಾಗದಗಳಿಗೆ ಹಾಕಲು ಬೇರೇನೂ ಸಿಗದೆ ಆ ಪಿನ್ನನ್ನೇ ಸಿಕ್ಕಿಸಿ ಮೇಜಿನ ಮೇಲಿಟ್ಟಿದ್ದೆ. ಅತ್ತೆ ಕಾಫಿ ತಂದವರು ಅದನ್ನು ನೋಡಿ, "ಅಯ್ಯೋ, ಇದು ನಂದಲ್ವೇನೇ? ಗಾಡಿಗೆ ಬೇಕು ಅಂತ ಪರ್ಸಾದ ಈಸ್ಕೊಂಡೋಗಿದ್ದ, ವಾಪಸ್ಸೇ ಕೊಡ್ಲಿಲ್ಲ" ಎಂದರು. ಸದಾ ತಲೆ ಮೇಲೆ ಸೆರಗು ಹೊದ್ದಿರುವವರ ತಲೆಯಲ್ಲಿ ಪಿನ್ನಿರುತ್ತದೆ ಎಂದು ನಾನು ಒಂದು ದಿನವೂ ನೋಡಿರಲಿಲ್ಲ. ಯಾಕೆ ನನಗೆ ಹೇಳಲಿಲ್ಲ ಎಂದು ಕೂಗಾಡಿದೆ. "ನೀನು ಕೇಳಿದ್ಯೇನೇ? ಅಲ್ದೆ ಅವ್ನೇ ಬ್ಯಾಡ ಅಂದಿದ್ದ ಕಣಮ್ಮ. ಅವ್ಳು ಹಚ್ಚಿದ್ದ್ರಿಂದ್ಲೇ ನಿಲ್ತೈತೆ ಅಂತ ಗೊತ್ತಾದ್ರೆ ನೊಂದ್ಕೋತಾಳೆ, ಹಚ್ಚೋದು ಬುಟ್ಬುಡ್ತಾಳೆ. ಹಚ್ಲಿ ಬುಡವ್ವ, ನಾನು ಊರು ದಾಟಿದ್ ಮ್ಯಾಲೆ ಚುಚ್ಕೋತೀನಿ ಅಂದ" ಎಂದರು. ಕಾಫಿ ಆರಿಹೋಯಿತು.

ಗುಜರಿಯ ಕಾಗದವನ್ನು ಹರಿದಿದ್ದೇನೆ, ಇದರಲ್ಲಿರುವುದು ಒಂದೇ. ಅದನ್ನು ಅಂಚೆಗೆ ಹಾಕಬೇಡಿ, ಭಾನುವಾರಕ್ಕೆ ಮುಂಚೆ ನೀವೇ ತನ್ನಿ. ಪಿನ್ನನ್ನು ಟೂಲ್ ಬಾಕ್ಸಿನಲ್ಲಿ, ಇದ್ದ ಜಾಗದಲ್ಲೇ ಇಟ್ಟಿದ್ದೇನೆ.